ರಂಗೇಶ್ ಮೇಷ್ಟ್ರು ದೀಪ ಆರಿಸಿದ್ದು

ದೀಪ ಹಚ್ಚಲು ಮುಖ್ಯ ಅತಿಥಿಯನ್ನು ಕರೆಯುವುದು ಎಲ್ಲ ಊರಿನಲ್ಲೂ ಉಂಟು. ಉರಿಯುವ ದೀಪ ಆರಿಸಿ ತೋರಿಸುತ್ತೇನೆ ಬನ್ನಿ ಎಂದು ಕರೆದವರು ರಂಗೇಶ್ ಮೇಷ್ಟ್ರು ಒಬ್ಬರೇ ಇರಬೇಕು. ಅವರ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಪಾಪ, ಅವರ ಕಷ್ಟವೂ ದೊಡ್ಡದೇ. ಮನೆ ಮಧುಗಿರಿಯಲ್ಲಿ, ಶಾಲೆ ಐ.ಡಿ.ಹಳ್ಳಿಯಿಂದಲೂ ಒಳಗೆ. ಕೋಳಿ ಕೂಗುವ ಮುಂಚೆ ಬಸ್ಸು ಹತ್ತಿದರೆ, ಮನೆ ಸೇರುವುದು ಹೆಂಡತಿ ಅಶ್ವಿನಿ ಕಾದು ಕಾದು ತೂಕಡಿಸುವ ಹೊತ್ತಿಗೆ. ಅವಳಿಗೀಗ ಏಳು ತಿಂಗಳು. "ಸಂಜೆ ದೀಪ ಹಚ್ಚೋ ಹೊತ್ತಲ್ಲಿ ಒಂಟಿ ಅನ್ಸುತ್ತೆ ಕಣ್ರೀ" ಎಂದು ಅವಳು ಹೇಳಿದಾಗಲೆಲ್ಲ ರಂಗೇಶ್‌ಗೆ ಮಧುಗಿರಿಯಲ್ಲೇ ಕೆಲಸ ಸಿಗಬಾರದೇ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಒಂದು ಸುದ್ದಿ ಬಂತು. ವಿಜ್ಞಾನ ಪಾಠ ಹೇಗೆ ನಡೆಯುತ್ತಿದೆ ಎಂದು ನೋಡಲು ಅಧಿಕಾರಿ ರೇಣುಕಯ್ಯನವರು ಶಾಲೆ ಶಾಲೆ ಸುತ್ತುತ್ತಿದ್ದಾರೆ, ಒಬ್ಬ ಮೇಷ್ಟ್ರನ್ನು ಒಂದು ವರ್ಷದ ಮಟ್ಟಿಗೆ ಮಧುಗಿರಿಯ ವಿಜ್ಞಾನ ಕೇಂದ್ರಕ್ಕೆ ಕಳಿಸುತ್ತಾರೆ. ಕೇಂದ್ರ ಇರುವುದು ರಂಗೇಶ್ ಮನೆಯಿಂದ ಎರಡೇ ಬೀದಿ ಆಚೆ. ಮೇಷ್ಟ್ರು ಅವತ್ತಿಂದ ನಿದ್ದೆಯಲ್ಲೂ ಆಮ್ಲಜನಕ, ಆಮ್ಲಜನಕ ಎನ್ನತೊಡಗಿದರು.

ಅಧಿಕಾರಿಗೆ ತೋರಿಸಬೇಕೆಂದುಕೊಂಡ ಪ್ರಯೋಗ ಸುಲಭದ್ದು. ಉರಿಯುವ ಮೇಣದಬತ್ತಿಯ ಸುತ್ತ ಹಳೇ ಲಾಟೀನಿನ ಗಾಜು ಇಟ್ಟು, ಮೇಲೆ ತಟ್ಟೆ ಮುಚ್ಚಿದರೆ ಆಯಿತು. ಹೊಸ ಗಾಳಿ ಬರುವುದಿಲ್ಲ, ಉರಿ ಆರುತ್ತದೆ.

ಹಿರಿಯ ಸಹೋದ್ಯೋಗಿ ಜಯರಾಮಯ್ಯನವರು ಇದನ್ನು ಕೇಳಿ ಕಣ್ಣು ಕೆಂಪಗೆ ಮಾಡಿದರು.

"ಅಲ್ಲ ಕಣ್ ಮೇಷ್ಟ್ರೆ, ಮನೇಲಿ ಬಸುರಿ ಹೆಂಗಸು ಇಟ್ಕಂಡು ಉರಿಯೋ ದೀಪ ಆರಿಸ್ತೀನಿ ಅಂತೀರಲ್ಲ. ನಿಮಗೇನಾರ ಬುದ್ಧಿ ಐತಾ?"

"ಇದು ದೀಪ ಅಲ್ಲ ಸಾರ್, ದಹನಕ್ರಿಯೆ" ಎಂದರು ರಂಗೇಶ್.

"ಯಾವ ಕ್ರಿಯೇನಾದ್ರೂ ಆಗ್ಲಿ, ಆರಿಸಬಾರ್ದು ಅಂದ್ರೆ ಆರಿಸಬಾರ್ದು."

ಮುಖ್ಯೋಪಾಧ್ಯಾಯಿನಿ ಮಂಗಳಗೌರಿ ಹಾಗೆ ಬೈಯಲಿಲ್ಲ. "ಮೇಣದಬತ್ತಿ ನಾನೇ ತರ್ತೀನಿ ಬುಡಿ ರಂಗೇಶ್" ಎಂದರು. ಎಂಥಾ ಒಳ್ಳೆ ಹೆಂಗಸು ಎಂದುಕೊಂಡರು ಮೇಷ್ಟ್ರು.

ಆ ದಿನ ಬಂತು. ರೇಣುಕಯ್ಯನವರು ಬಂದು ಕುರ್ಚಿ ತುಂಬ ಕೂತರು. ಹಿಂದೆ ಮಕ್ಕಳು, ಬಾಗಿಲಲ್ಲಿ ಅಡುಗೆಯ ಮಂಜಮ್ಮ. ಅತಿಥಿಗೆಂದೇ ಬಿಸಿ ಮುದ್ದೆ, ಹುರುಳಿ ಸಾರು ಮಾಡಿಟ್ಟು ಬಂದಿದ್ದಳು. "ಗಾಜು, ತಟ್ಟೆ ನಾನಿಡ್ತೀನಿ, ನೀವು ಪಾಠ ಮಾಡಿ" ಎಂದು ಜಯರಾಮಯ್ಯನವರು ಮುಂದೆ ಬಂದಾಗ ರಂಗೇಶ್‌ಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ನೋಡ್ತಾ ಇರಿ. ಒಳಗಿನ ಆಮ್ಲಜನಕ ಕಡಿಮೆ ಆಯ್ತಿದ್ದಂಗೆ ಉರಿ ಸಣ್ಣಗಾಗಿ ಆರುತ್ತೆ" ಎಂದರು ರಂಗೇಶ್, ಬತ್ತಿ ಹಚ್ಚಿ, ಗಾಜು ತಟ್ಟೆ ಇಟ್ಟಾದ ಮೇಲೆ.

ಎಲ್ಲರೂ ನೋಡಿದರು. ಉರಿ ಸಣ್ಣಗಾಗಲಿಲ್ಲ. ಹೊಸ ಸೀರೆ ಉಟ್ಟವಳ ಹಾಗೆ ನೆಟ್ಟಗೆ ನಿಂತು ಉರಿಯಿತು.

"ಇನ್ನೇನು ಆರುತ್ತೆ" ಎಂದರು ರಂಗೇಶ್. ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು.

ರೇಣುಕಯ್ಯನವರು ಆಕಳಿಸಿ, "ಪರವಾಗಿಲ್ಲ ಮೇಷ್ಟ್ರೆ, ಬಿಡಿ, ನನಗೆ ಗೊತ್ತಾಯ್ತು" ಎಂದು ಏಳಲು ಹೊರಟರು.

ಅಷ್ಟೇ ಸಾಕಾಯಿತು. ಮಧುಗಿರಿ, ಅಶ್ವಿನಿ, ಎರಡು ಬೀದಿಯ ದಾರಿ ಎಲ್ಲವೂ ಕೈತಪ್ಪಿ ಹೋಗುವುದು ಕಣ್ಣಿಗೆ ಕಟ್ಟಿತು. "ಒಂದು ನಿಮಿಷ ಸಾರ್" ಎಂದವರೇ ಗೋಡೆಯ ಸರಸ್ವತಿ ಪಟದ ಮುಂದಿದ್ದ ಊದಿನಕಡ್ಡಿ ಕಿತ್ತು ತಂದು ಗಾಜಿನ ಬುಡಕ್ಕೆ ಹಿಡಿದರು. ಹೊಗೆ ಸುರುಳಿಯಾಗಿ ಒಳಗೆ ನುಗ್ಗಿತು. ಮೇಲೆ ತಟ್ಟೆಯ ಅಂಚಿನಿಂದ ಹೊರಗೆ ಬಂತು. ಬಗ್ಗಿ ನೋಡಿದರೆ ಗಾಜಿನ ಕೆಳಗೆ ಸಂದು ಬಿಡುವಂತೆ ಇಟ್ಟ ಹುಣಸೆಬೀಜ, ತಟ್ಟೆಯ ಅಡಿಗೂ ಮೇಣದಲ್ಲಿ ಮೆತ್ತಿದ ಹುಣಸೆಬೀಜ.

"ಬಿಸಿಗಾಳಿ ಹಗುರ, ಮೇಲಿಂದ ಹೊರಗೆ ಹೋಗುತ್ತೆ. ಆ ಜಾಗಕ್ಕೆ ಕೆಳಗಿಂದ ಹೊಸ ಗಾಳಿ ಬರುತ್ತೆ. ಅದಕ್ಕೇ ಉರೀತಾ ಐತೆ" ಎಂದು ಮೇಷ್ಟ್ರು ಕೂಗಿದರು. ದನಿ ಪಕ್ಕದ ಹೊಲಕ್ಕೂ ಕೇಳಿಸಿತು. ಜಯರಾಮಯ್ಯನವರು ಸೂರು ನೋಡತೊಡಗಿದರು.

ಬೀಜ ಕಿತ್ತೆಸೆದರೂ ಸಮಾಧಾನವಾಗಲಿಲ್ಲ. ಗಾಜಿನ ಬಾಯಿ ಸೊಟ್ಟ, ಎಲ್ಲೋ ಗಾಳಿ ಆಡೀತು. ರಂಗೇಶ್ ಅಡುಗೆಮನೆಗೆ ಓಡಿ, ಅತಿಥಿಯ ಮುದ್ದೆಯನ್ನೇ ಬಾಚಿಕೊಂಡು ಬಂದು ಗಾಜಿನ ಸುತ್ತ ಮೆತ್ತತೊಡಗಿದರು.

"ಅಯ್ಯೋ, ಸಾಹೇಬ್ರ ಮುದ್ದೆ ಕಣಪ್ಪೋ" ಎಂದು ಮಂಜಮ್ಮ ಹಿಂದೆಯೇ ಓಡಿ ಬಂದಳು. "ಈಗ ಸಾರಿಗೆ ಏನಿಕ್ಲಿ, ನಿನ್ ಊದಿನಕಡ್ಡಿ ಇಕ್ಲಾ?"

ರೇಣುಕಯ್ಯನವರು ಆಕಳಿಕೆ ಮರೆತು ಎದ್ದು ನಿಂತಿದ್ದರು. ಮುದ್ದೆ ಮೆತ್ತಿ ಮುಗಿಯುತ್ತಿದ್ದಂತೆ ಉರಿ ನಡುಗಿತು, ಬಾಗಿತು, ಪುಸಕ್ಕನೆ ಆರಿತು. ಮಕ್ಕಳು ಹೋ ಎಂದವು. ಜಯರಾಮಯ್ಯನವರು ಕಣ್ಣು ಮುಚ್ಚಿ ಶಿವ ಶಿವ ಎಂದರು. ಮಂಗಳಗೌರಿ ಮಾತ್ರ ನಿಶ್ಚಿಂತೆಯಿಂದ ಸೆರಗು ಸರಿಮಾಡಿಕೊಂಡರು.

ರಂಗೇಶ್ ಗೆಲುವಿನಿಂದ ಗಾಜು ಎತ್ತಿದರು. ಬತ್ತಿಯ ತುದಿ ಚಿಟಪಟ ಎಂದು ಕಿಡಿ ಹಾರಿಸಿ, ಉರಿ ತಾನೇ ತಾನಾಗಿ ಹತ್ತಿಕೊಂಡಿತು.

"ದೇವರು ಅವ್ನೆ" ಎಂದು ಜಯರಾಮಯ್ಯನವರು ಕೈಮುಗಿದರು.

"ದೇವರಲ್ಲ, ಬಡವನಹಳ್ಳಿ ಬೇಕರಿ" ಎಂದುಬಿಟ್ಟರು ಮಂಗಳಗೌರಿ, ತಡೆಯಲಾರದೆ. "ನಮ್ಮ ಮೊಮ್ಮಗಳ ಬರ್ತ್‌ಡೇಗೆ ತಂದಿದ್ದೆ. ಎಷ್ಟು ಊದಿದ್ರೂ ಮತ್ತೆ ಹತ್ಕಳುತ್ತೆ. ಬಸುರಿ ಮನೆಯೋರ ಕೈಲಿ ದೀಪ ಆರೋದು ಬೇಡ ಅಂತ, ನಿಮ್ಮ ಒಳ್ಳೇದಕ್ಕೇ ತಂದೆ."

ಬಿಸಿ ಮುದ್ದೆಯಿಂದ ರಂಗೇಶ್‌ರ ಬೆರಳು ಸುಟ್ಟು ಚುರುಗುಟ್ಟುತ್ತಿತ್ತು. ಅತಿಥಿಯ ನೀರಿನ ಲೋಟಕ್ಕೆ ಬೆರಳು ಅದ್ದಿದರು. ಅದ್ದಿದ ಕೂಡಲೇ ತಲೆಯಲ್ಲಿ ದೀಪ ಹತ್ತಿತು. ಒದ್ದೆ ಬೆರಳಿನಲ್ಲೇ ಬತ್ತಿಯನ್ನು ಹಿಚುಕಿದರು. ಚುಸ್ ಎಂದಿತು. ಕಾದರು. ಉರಿ ಮತ್ತೆ ಬರಲಿಲ್ಲ.

"ನೋಡಿದ್ರಾ ಸಾರ್" ಎಂದರು ರಂಗೇಶ್, ಆರಿದ ಬತ್ತಿಯನ್ನು ಎತ್ತಿ ತೋರಿಸುತ್ತ. "ಇಂಥ ಬತ್ತೀಲಿ ಮೆಗ್ನೀಸಿಯಂ ಪುಡಿ ಇರುತ್ತೆ. ಉರಿ ಆರಿದ್ರೂ ಕೆಂಡದ ಕಾವು ಉಳೀತು, ಗಾಳಿ ಸಿಕ್ತಿದ್ದಂಗೆ ಪುಡಿ ಹೊತ್ಕೊಂಡು ಮೇಣದ ಆವಿಗೆ ಕಿಡಿ ಕೊಡ್ತು. ನೀರು ಕಾವನ್ನೇ ಕಿತ್ಕೊಳ್ತು. ಇಂಧನ, ಗಾಳಿ, ಕಾವು, ಮೂರೂ ಇದ್ರೇನೇ ಉರಿ. ಒಂದು ಹೋದ್ರೂ ಇಲ್ಲ."

ಮಕ್ಕಳು ಚಪ್ಪಾಳೆ ತಟ್ಟಿದವು. ರೇಣುಕಯ್ಯನವರು ಮುಂದೆ ಬಂದು ಮುದ್ದೆ ಮೆತ್ತಿದ ಕೈಯನ್ನೇ ಹಿಡಿದು ಕುಲುಕಿದರು. ರಂಗೇಶ್‌ಗೆ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವಂತಾಯಿತು.

"ಮೇಷ್ಟ್ರೆ, ನಾನು ನಿಮ್ಮನ್ನೇ ಮಧುಗಿರಿಗೆ ಕಳಿಸ್ಬೇಕು ಅಂತಿದ್ದೆ" ಎಂದರು ರೇಣುಕಯ್ಯನವರು. "ಮೊದಲ ಸಲ ಉರಿ ಆರದೇ ಹೋದಾಗಂತೂ ಗಟ್ಟಿ ಮಾಡ್ಕೊಂಡಿದ್ದೆ. ಸದ್ಯ, ಅವಸರ ಮಾಡ್ಲಿಲ್ಲ."

"ಅಂದ್ರೆ ಸಾರ್?"

"ಆ ಕೇಂದ್ರ ಇರೋದು ವಿಜ್ಞಾನ ಬಾರದ ಮೇಷ್ಟ್ರುಗಳಿಗೆ ಒಂದು ವರ್ಷ ಕೂರಿಸಿ ಕಲಿಸೋಕೆ. ನಿಮಗ್ಯಾಕೆ ಅದು? ನಿಮ್ಮಂಥವರು ಈ ಮಕ್ಕಳನ್ನ ಬಿಟ್ಟು ಕದಲಬಾರ್ದು. ನಾನು ಇರೋವರೆಗೂ ಕದಲಿಸಲ್ಲ, ಧೈರ್ಯವಾಗಿರಿ." ಆಮೇಲೆ ಸುತ್ತ ನೋಡಿ ಕೇಳಿದರು. "ಅದಿರಲಿ, ಹುಣಸೆಬೀಜ ಇಟ್ಟೋರು ಯಾರು?"

ಎಲ್ಲ ಮಕ್ಕಳೂ ಒಟ್ಟಿಗೇ ಜಯರಾಮಯ್ಯನವರ ಕಡೆ ತಿರುಗಿದವು.

ಸಂಜೆ ಬಸ್ಸಿಗೆ ಕಾಯುತ್ತ ರಂಗೇಶ್ ಹೆಂಡತಿಗೆ ಫೋನು ಮಾಡಿದರು. ಗೆದ್ದೆ ಎಂದರು. ಗೆದ್ದದ್ದರಿಂದ ಏನಾಯಿತೆಂದೂ ಹೇಳಿದರು. ಫೋನು ಇನ್ನೂ ಕಿವಿಯಲ್ಲೇ ಇತ್ತು. ಅಷ್ಟರಲ್ಲಿ ಜಯರಾಮಯ್ಯನವರು ಎಮ್ಮೆಯ ಹಗ್ಗ ಹಿಡಿದು ಬಂದರು. ಮುಖ ಬಾಡಿತ್ತು.

"ನಾನು ಹುಟ್ಟಿದಾಗಿಂದ ಈ ಊರು ಬಿಟ್ಟೋನಲ್ಲ ಮೇಷ್ಟ್ರೆ. ಈಗ ನನ್ನೇ ಒಂದ್ ವರ್ಷ ಮಧುಗಿರಿ ಕೇಂದ್ರಕ್ಕೆ ಹಾಕವ್ರೆ. ಈ ಎಮ್ಮೇನ ಬೇರೆ ಯಾರ ಕೈಗೆ ಕೊಡ್ಲಿ? ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬರೋರು ನೀವೊಬ್ರೇ. ಬಂದೇಟಿಗೆ ಒಸಿ ಹಾಲು ಕರ್ದುಬುಡಿ." ಹಗ್ಗವನ್ನು ರಂಗೇಶ್‌ರ ಕೈಗೆ ಕೊಟ್ಟು, ದನಿ ತಗ್ಗಿಸಿ ಮುಂದುವರಿಸಿದರು. "ಇನ್ನೊಂದು ಮಾತು. ಅಲ್ಲಿ ಉಳ್ಕಳಕ್ಕೆ ನಂಗೆ ಜಾಗ ಇಲ್ಲ. ನಿಮ್ಮನೆ ಮುಂದಿನ ರೂಮು ಖಾಲಿ ಐತಂತಲ್ಲ? ತರಬೇತಿ ನಾಲ್ಕಕ್ಕೇ ಮುಗೀತದಂತೆ. ಎರಡು ಬೀದಿ, ನಡ್ಕಂಡೇ ಬಂದ್ಬುಡ್ತೀನಿ."

ರಂಗೇಶ್ ಬಾಯಿ ತೆರೆಯುವ ಮೊದಲೇ ಫೋನಿನಲ್ಲಿ ಅಶ್ವಿನಿಯ ದನಿ ಕೇಳಿತು. ಬಹಳ ದಿನದ ಮೇಲೆ ಅದರಲ್ಲಿ ನೆಮ್ಮದಿ ಇತ್ತು.

"ಕೇಳಿಸ್ತು, ಬರೋಕೆ ಹೇಳಿ ಅವ್ರಿಗೆ. ದೀಪ ಹಚ್ಚೋ ಹೊತ್ತಿಗೆ ಮನೇಲಿ ಯಾರೋ ಒಬ್ರು ಮೇಷ್ಟ್ರು ಇದ್ರೆ ಸಾಕು."