ಸಲಿಕೆಯ ಮೇಲೆ ಕೂತ ಗೂಬೆ

ಈ ಸಲ ಗೆದ್ದೇ ತೀರುತ್ತೇನೆ ಎಂದು ಅಡುಗೆಮನೆಯ ಮೇಜು ಗುದ್ದಿ ಶಪಥ ಮಾಡಿದೆ. ಸಾಕ್ಷಿಗೆ ಯಾರೂ ಇರಲಿಲ್ಲ. ಗುದ್ದಿದ ರಭಸಕ್ಕೆ ಕಾಫಿ ಚೆಲ್ಲಿತು. ಒರೆಸಿದವನೂ ನಾನೇ!

ನಮ್ಮೂರ ಐಸ್ ಹಾಕಿ ತಂಡದ ಹೆಸರು ಹಿಮಗೂಬೆಗಳು. ದೊಡ್ಡ ಲೀಗಿಗೆ ಇನ್ನೂ ಏರದವರು, ಅಲ್ಲಿಂದ ಆಗಲೇ ಜಾರಿದವರು ಕೂಡಿ ಆಡುವ ಚಿಕ್ಕ ಲೀಗು ನಮ್ಮದು. ಅಂಗಿಯ ಎದೆ ಮೇಲಿರುವ ಗೂಬೆ ಪಟ್ಟದ ರಾಣಿ, ಅದರ ತಂಟೆಗೆ ಹೋಗುವಂತಿಲ್ಲ. ಆದರೆ ಭುಜದ ಮೇಲೆ, ಟೋಪಿಯ ಮೇಲೆ ಕೂರುವ ಎರಡನೆಯ ಲಾಂಛನ ಒಂದಿರುತ್ತದಲ್ಲ, ಅದು ನಮ್ಮಂಥ ಅಭಿಮಾನಿಗಳ ಹುಚ್ಚು. ಹನ್ನೊಂದು ವರ್ಷದಲ್ಲಿ ನಾನು ಅಂಥ ನಲವತ್ತಮೂರು ಗೂಬೆ ಬರೆದಿದ್ದೇನೆ. ಅಭಿಮಾನಿಗಳ ಜಾಲತಾಣದಲ್ಲಿ ಹಾಕಿದರೆ ಇಬ್ಬರು ತಪ್ಪದೆ ಮೆಚ್ಚುತ್ತಿದ್ದರು. ಅವರಲ್ಲಿ ಒಬ್ಬ ನಾನೇ, ಬೇರೆ ಹೆಸರಿನಲ್ಲಿ.

ನಾನೇನು ಕಾಟಾಚಾರದ ಕಲಾವಿದನಲ್ಲ. ಮೂವತ್ತು ವರ್ಷ ರಸ್ತೆ ಇಲಾಖೆಯಲ್ಲಿ ಫಲಕ ಬರೆದು ನಿವೃತ್ತನಾದವನು. ಊರಾಚೆಯ ತಿರುವಿನಲ್ಲಿ 'ಜಿಂಕೆ ದಾಟುವ ಸ್ಥಳ' ಎಂಬ ಫಲಕದಲ್ಲಿ ಜಿಗಿಯುತ್ತಿರುವ ಜಿಂಕೆ ನನ್ನ ಕೈಯದೇ. ಜಿಂಕೆಗಳು ಮಾತ್ರ ಅಲ್ಲಿ ದಾಟುವುದಿಲ್ಲ.

ನನ್ನ ಹೆಂಡತಿ ವರ್ನಾ ಎರಡು ವರ್ಷದ ಹಿಂದೆ ಡುಲೂತ್‌ಗೆ ಹೋದಳು. ಅಲ್ಲಿರುವ ಅಕ್ಕನ ಮಂಡಿ ಆಪರೇಷನ್, ಮೂರು ವಾರ ಇದ್ದು ಬರುತ್ತೇನೆ ಎಂದಿದ್ದಳು. ಮಂಡಿ ವಾಸಿಯಾಯಿತು, ಅಕ್ಕ ಕುಣಿಯುವಷ್ಟಾದಳು, ವರ್ನಾ ಬರಲಿಲ್ಲ. ಜಗಳವೇನೂ ಆಗಿರಲಿಲ್ಲ. ಜಗಳವಾಡಲಾದರೂ ನಾನು ಮನೆಯಲ್ಲಿರಬೇಕಲ್ಲ! ಪಂದ್ಯವಿದ್ದ ದಿನ ಅಂಕಣದಲ್ಲಿ, ಇಲ್ಲದ ದಿನ ಗೂಬೆಯ ಎದುರಿಗೆ. ಆದರೂ ಪ್ರತಿ ವರ್ಷ ಎರಡು ಸೀಟು ಕಾದಿರಿಸುತ್ತೇನೆ. ಪಕ್ಕದ ಸೀಟಿನಲ್ಲಿ ನನ್ನ ಕೋಟು ಕೂತು ಆಟ ನೋಡುತ್ತದೆ.

ಈ ಚಳಿಗಾಲ ತಂಡದವರು ಎರಡನೆಯ ಲಾಂಛನಕ್ಕೆ ಸ್ಪರ್ಧೆ ಇಟ್ಟರು. ಗೆದ್ದ ಚಿತ್ರ ಆಟಗಾರರ ಭುಜಕ್ಕೆ, ಜೊತೆಗೆ ಶುಕ್ರವಾರದ ಪಂದ್ಯಕ್ಕೆ ಮೊದಲು ಬಂದ ಸಾವಿರದ ಇನ್ನೂರು ಜನರಿಗೆ ಅದೇ ಚಿತ್ರದ ಟೋಪಿ ಉಚಿತ. ನಾನು ಹಿಮ ಎತ್ತುವ ಸಲಿಕೆಯ ಮೇಲೆ ಗೂಬೆಯನ್ನು ಕೂರಿಸಿದೆ. ಏನು ಗಾಂಭೀರ್ಯ, ಏನು ಕಣ್ಣು! ಗೆದ್ದೂಬಿಟ್ಟೆ. ಬಂದ ಚಿತ್ರಗಳು ಒಟ್ಟು ಐದು. ಎರಡರಲ್ಲಿ ಗೂಬೆಯೇ ಇರಲಿಲ್ಲ, ಒಂದು ಎದುರಾಳಿ ಊರಿನವರ ಕುಚೇಷ್ಟೆ, ಉಳಿದೆರಡೂ ನನ್ನವೇ.

ಸುದ್ದಿ ಹೇಳಲು ವರ್ನಾಗೆ ಫೋನ್ ಮಾಡಿದೆ. ಆಕೆ ಹೇಳಿದಳು: "ನಂಗೂ ಒಂದು ಟೋಪಿ ಎತ್ತಿಟ್ಟಿರು ಆರ್ವೊ. ಬಂದು ತಗೊಂಡು ಹೋಗ್ತೀನಿ."

ಅಂಚೆಯಲ್ಲಿ ಕಳಿಸು ಎನ್ನಲಿಲ್ಲ, ಗಮನಿಸಿ! ಬಂದು ತೆಗೆದುಕೊಂಡು ಹೋಗುತ್ತಾಳಂತೆ! ಅಂದೇ ಮನೆಯ ಕಿಟಕಿಗಳನ್ನೆಲ್ಲ ಒರೆಸಿದೆ. ಎರಡು ವರ್ಷದ ಧೂಳು, ಹೊರಗೆ ಮರಗಳಿರುವುದು ಮತ್ತೆ ಕಂಡಿತು. ಆ ಟೋಪಿ ನನ್ನ ಪಾಲಿಗೆ ಬರೀ ಟೋಪಿಯಾಗಿ ಉಳಿಯಲಿಲ್ಲ. ಅದಿದ್ದರೆ ವರ್ನಾ ಬರುತ್ತಾಳೆ, ಇಲ್ಲದಿದ್ದರೆ ಇಲ್ಲ.

ಶುಕ್ರವಾರ ಸಂಜೆ ಎರಡು ಸೀಟಿಗೆ ಎರಡು ಟೋಪಿ ಸಿಕ್ಕಿತು. ಒಂದನ್ನು ನಾನು ಹಾಕಿಕೊಂಡೆ, ವರ್ನಾಳದನ್ನು ಪಕ್ಕದ ಕೋಟಿನ ಮೇಲೆ ಇಟ್ಟೆ. ಸುತ್ತ ಸಾವಿರದ ಇನ್ನೂರು ತಲೆಗಳ ಮೇಲೆ ನನ್ನ ಗೂಬೆ! ಇದನ್ನು ಬರೆದವನು ನಾನೇ ಎಂದು ಮುಂದಿನ ಸಾಲಿನ ಹೆಂಗಸಿಗೆ ಹೇಳಿದೆ. ಆಕೆ ಟೋಪಿ ತೆಗೆದು ನೋಡಿ, ಕೋಳಿ ಚೆನ್ನಾಗಿದೆ ಎಂದಳು.

ಆಗ ವಿಧಿ ಲೆಕ್ಲೇರ್ ಎಂಬ ಆಟಗಾರನ ರೂಪದಲ್ಲಿ ಬಂತು. ಇಡೀ ವರ್ಷದಲ್ಲಿ ಎರಡೇ ಗೋಲು ಹೊಡೆದಿದ್ದ ಪುಣ್ಯಾತ್ಮ ಅಂದು ಒಂದು ಹೊಡೆದ. ಇನ್ನೊಂದು ಹೊಡೆದ. ಕೊನೆಯ ಹತ್ತು ನಿಮಿಷದಲ್ಲಿ, ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ ಯಾರದೋ ಬೆನ್ನಿಗೆ ಬಡಿದು, ಅವನ ಕೋಲಿಗೆ ತಗುಲಿ ಮೂರನೆಯದೂ ಒಳಗೆ ಹೋಯಿತು!

ಒಬ್ಬನೇ ಒಂದು ಪಂದ್ಯದಲ್ಲಿ ಮೂರು ಗೋಲು ಹೊಡೆದರೆ ನೋಡುವವರು ತಲೆಯ ಟೋಪಿ ತೆಗೆದು ಮಂಜುಗಡ್ಡೆಯ ಅಂಕಣಕ್ಕೆ ಎಸೆಯಬೇಕು. ಇದು ನಮ್ಮಲ್ಲಿ ತಾತನ ಕಾಲದ ಪದ್ಧತಿ. ಯೋಚಿಸಿ ಮಾಡುವ ಕೆಲಸವಲ್ಲ, ಸೀನು ಬಂದ ಹಾಗೆ ಬರುತ್ತದೆ. ಬೇರೆ ದಿನವಾದರೆ ಕೆಲವರು ಸ್ವಂತ ಟೋಪಿ ಎಂದು ಹಿಂದೆಮುಂದೆ ನೋಡುತ್ತಿದ್ದರು. ಅಂದು ಎಲ್ಲರದೂ ಬಿಟ್ಟಿ ಟೋಪಿ! ಸಾವಿರದ ಇನ್ನೂರು ಗೂಬೆಗಳು ಒಟ್ಟಿಗೆ ಹಾರಿದವು. ನಾನು ಸೀಟಿನ ಮೇಲೆ ಹತ್ತಿ ನಿಂತು ಊರಿಗೇ ಕೇಳುವಂತೆ ಕೂಗುತ್ತಿದ್ದೆ. ಎಷ್ಟೋ ದಿನದ ಮೇಲೆ ನಾನೂ ಆ ಜನರಲ್ಲಿ ಒಬ್ಬ ಅನ್ನಿಸಿ ಎದೆ ತುಂಬಿ ಬಂದಿತ್ತು. ಇಳಿದು ಕೂತಾಗ ತಲೆಗೆ ಚಳಿ ಹತ್ತಿತು. ಪಕ್ಕಕ್ಕೆ ನೋಡಿದೆ. ಕೋಟಿನ ಮೇಲೂ ಟೋಪಿ ಇಲ್ಲ.

ಎರಡನ್ನೂ ಎಸೆದಿದ್ದೆ. ಎರಡು ಕೈ ಕೊಟ್ಟ ದೇವರಿಗೆ ಏನು ಹೇಳೋಣ!

ಕೆಲಸದವರು ಸಲಿಕೆ ತಂದು, ಸಲಿಕೆಯ ಮೇಲೆ ಕೂತ ನನ್ನ ಗೂಬೆಗಳನ್ನು ಸಲಿಕೆಯಲ್ಲೇ ಗೋರಿ ಡಬ್ಬಗಳಿಗೆ ತುಂಬಿದರು. ಪಂದ್ಯ ಮುಗಿದದ್ದೇ ಹಿಂಬಾಗಿಲಿಗೆ ಓಡಿದೆ. ಅಂಕಣ ನೋಡಿಕೊಳ್ಳುವ ಮಿಲ್ಟ್, ಟೋಪಿಗಳೆಲ್ಲ ಆಗಲೇ ಲಾರಿ ಹತ್ತಿ ಮನೆಯಿಲ್ಲದವರ ಆಶ್ರಮಕ್ಕೆ ಹೋದವು ಎಂದ. ನನ್ನ ಮುಖ ನೋಡಿ ಅವನಿಗೆ ಪಾಪ ಅನ್ನಿಸಿರಬೇಕು. "ಬರ್ದವ್ನು ನೀನೇ ಅಲ್ವೇನೋ, ಇನ್ನೊಂದು ಬರ್ಕೊಂಡ್ರಾಯ್ತು ಬಿಡು," ಎಂದು ಬೆನ್ನು ತಟ್ಟಿದ.

ಶನಿವಾರ ಬೆಳಿಗ್ಗೆ ಅದನ್ನೂ ಮಾಡಿದೆ. ಹಳೆಯ ಟೋಪಿಯ ಮೇಲೆ ಬಣ್ಣದಲ್ಲಿ ಬರೆದೆ. ಬಣ್ಣ ಹರಡಿ, ಮುಂದಿನ ಸಾಲಿನ ಹೆಂಗಸು ಹೇಳಿದ್ದೇ ನಿಜವಾಯಿತು. ಕೊನೆಗೆ ಧೈರ್ಯ ಮಾಡಿ ಡುಲೂತ್‌ಗೆ ಫೋನ್ ಹಚ್ಚಿ ತಪ್ಪೊಪ್ಪಿಕೊಂಡೆ.

"ನೋಡ್ದೆ," ಎಂದಳು ವರ್ನಾ. "ಕಂಪ್ಯೂಟರಲ್ಲಿ ಪಂದ್ಯ ತೋರಿಸ್ತಿದ್ರು. ಸೀಟಿನ ಮೇಲೆ ಹತ್ತಿ ಎರಡು ಕೈಲೂ ಎಸೀತಿದ್ದೆ. ಅಷ್ಟು ಖುಷಿಯಾಗಿ ನಿನ್ನ ನೋಡಿ ಎಷ್ಟು ವರ್ಷ ಆಯ್ತೋ."

ನೀನು ಪಂದ್ಯ ನೋಡುತ್ತೀಯಾ ಎಂದು ಬೆರಗಿನಿಂದ ಕೇಳಿದೆ.

"ನಿನ್ನ ನೋಡೋಕೆ ಬೇರೆ ದಾರಿ ಎಲ್ಲಿದೆ?"

ಮನೆ ಖಾಲಿ ಖಾಲಿ, ನೀನಿಲ್ಲದೆ ಊಟ ಸೇರುವುದಿಲ್ಲ ಎಂದು ಹೇಳಬೇಕೆನ್ನಿಸಿತು. ಟೋಪಿ ಇಲ್ಲವಲ್ಲ, ಇನ್ನು ನೀನು ಬರುವುದಿಲ್ಲವೇನೋ ಎಂದಷ್ಟೇ ಹೇಳಿದೆ.

"ಟೋಪಿ ಹಾಳಾಗ್ಲಿ ಕಣೋ. ನಾಳೆ ಭಾನುವಾರ ಸಂಜೆ ಬರ್ಲಾ? ಐದು ಗಂಟೆ ಹೊತ್ತಿಗೆ?"

ಬಾ! ಒಂದೇ ಅಕ್ಷರ. ಹಾಲುಗೂಸಿಗೂ ಬರುವ ಅಕ್ಷರ. ಆದರೆ ಹನ್ನೊಂದು ವರ್ಷದಿಂದ ಹಲ್ಲುಜ್ಜುವ ಮೊದಲು ಪಂದ್ಯದ ಪಟ್ಟಿ ನೋಡುವ ಈ ಬಾಯಿ ತಾನಾಗಿಯೇ ಹೇಳಿಬಿಟ್ಟಿತು: "ಐದಕ್ಕೆ ನಮ್ಮೂರಲ್ಲೇ ಪಂದ್ಯ ಇದೆ ವರ್ನಾ. ಎಂಟರ ಮೇಲೆ ಬಂದ್ರೆ ಆಗಲ್ವಾ?"



"ಗೊತ್ತು," ಎಂದಳು. "ಪಟ್ಟಿ ನೋಡ್ಕೊಂಡೇ ಐದು ಅಂದೆ."