ಪ್ರೈಮ್ ಲೆನ್ಸಿಗೆ ಸಿಕ್ಕ ಬೀಗರು

"ಇವತ್ತಿನಿಂದ ಈ ಮನ್ಯಾಗ ಯಾರೂ ಜೂಮ್ ಮಾಡಂಗಿಲ್ಲ!"

ಹೊಸಪೇಟೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದ ಸಿದ್ದಲಿಂಗೇಶರು ಒಂದು ಭಾನುವಾರ ಬೆಳಿಗ್ಗೆ ಈ ಭೀಷಣ ಪ್ರತಿಜ್ಞೆ ಮಾಡಿದಾಗ, ಅದನ್ನು ಕೇಳಲು ಮನೆಯಲ್ಲಿದ್ದ ಏಕೈಕ ಪ್ರಜೆ ಅವರ ಹೆಂಡತಿ ಶಾಂಭವಿ. ಆಕೆ ಒಗ್ಗರಣೆಗೆ ಮಂಡಕ್ಕಿ ತೋಯಿಸುತ್ತಿದ್ದರು.

"ಆತು ಬಿಡ್ರಿ, ಮಾಡಂಗಿಲ್ಲ. ಮೆಣಸಿನಕಾಯಿ ಎರಡು ಹಾಕ್ಲೋ, ಮೂರೋ?"

ಅಂಗೈಯಗಲದ ಹೊಸ ಮಿರರ್‌ಲೆಸ್ ಕ್ಯಾಮೆರಾ ಮನೆಗೆ ಬಂದು ವಾರವಾಗಿತ್ತು. ಅದರ ಜೊತೆ ಬಂದಿದ್ದ ಜೂಮ್ ಲೆನ್ಸನ್ನು ಸಿದ್ದಲಿಂಗೇಶರು ಆಗಲೇ ಅಟ್ಟಕ್ಕೆ ಗಡಿಪಾರು ಮಾಡಿದ್ದರು. ಯೂಟ್ಯೂಬಿನ ಪಂಡಿತರು ಅವರಿಗೆ ದೀಕ್ಷೆ ಕೊಟ್ಟಿದ್ದರು: ಜೂಮ್ ಸೋಮಾರಿಗಳದ್ದು, ಪ್ರೈಮ್ ವೀರರದ್ದು! ಪ್ರೈಮ್ ಲೆನ್ಸಿನಲ್ಲಿ ಹತ್ತಿರ-ದೂರ ಅಂತ ತಿರುಗಿಸಲು ಏನೂ ಇರುವುದಿಲ್ಲ. ಹತ್ತಿರ ಬೇಕಾದರೆ ಮುಂದೆ ನಡೆ, ದೂರ ಬೇಕಾದರೆ ಹಿಂದೆ ಸರಿ.

"ಕಾಲೇ ಜೂಮು, ತಿಳೀತಾ? ನಡೆಯೋನೇ ಫೋಟೊಗ್ರಾಫರ್!"

"ಗಲ್ಲಿ ತುದಿಗೆ ಹೋಗಿ ಹಾಲಿನ ಪಾಕೀಟು ತರಾಕ ಸ್ಕೂಟರ್ ತಗೀತೀರಿ. ನೀವು ನಡದು ಫೋಟೊ ತಗಿಯೋರಾ?"

ಇಂಥ ಮಾತಿಗೆಲ್ಲ ಜಗ್ಗುವ ಗಂಡು ಅವರಲ್ಲ. ಮಂಡಕ್ಕಿ ಮುಗಿಸಿ ಲೆನ್ಸುಗಳ ಸ್ವಯಂವರಕ್ಕೆ ಕುಳಿತರು. ಮೊಬೈಲಿನ ಪರದೆಯ ಮೇಲೆ ಮೂರು ಕನ್ಯೆಯರು ಸಾಲಾಗಿ ನಿಂತರು. ಮೊದಲನೆಯದು ಇಪ್ಪತ್ಮೂರು ಎಂಎಂ. ಅಗಲವಾದ ನೋಟ, ಇಡೀ ಪಡಸಾಲೆ ಹಿಡಿಯುತ್ತದೆ. ಎರಡನೆಯದು ಮೂವತ್ತೈದು, ಮನುಷ್ಯರ ಕಣ್ಣು ಕಂಡಷ್ಟೇ ಕಾಣುತ್ತದೆ. ಮೂರನೆಯದು ಐವತ್ತಾರು. ಅದು ಮುಖ ಒಂದನ್ನೇ ಕಿತ್ತು ತಂದು ಎದುರಿಗಿಟ್ಟು, ಹಿಂದಿನ ಪ್ರಪಂಚವನ್ನೆಲ್ಲ ಬೆಣ್ಣೆಯಂತೆ ಕರಗಿಸಿಬಿಡುತ್ತದೆ. ಅದರ ಎಫ್ ನಂಬರು ಬರೀ ಒಂದು ಪಾಯಿಂಟ್ ಎರಡು!

"ಈ ನಂಬರ್ ಸಣ್ಣದಾದಷ್ಟೂ ಲೆನ್ಸಿನ ಕಣ್ಣು ದೊಡ್ಡದು. ಕತ್ತಲಾಗೂ ಕಾಣ್ತೈತಿ. ಅದಕ್ಕ ಫಾಸ್ಟ್ ಲೆನ್ಸ್ ಅಂತಾರ."

"ನಂಬರ್ ಕಡಿಮಿ ಬಂದಷ್ಟೂ ಶ್ಯಾಣ್ಯಾ ಅಂತೀರಿ! ನಿಮಗ ಯಾಕ ಹಿಡಿಸೈತಿ ಅಂತ ಈಗ ತಿಳೀತು. ನಿಮ್ಮ ಎಸ್ಸೆಸ್ಸೆಲ್ಸಿ ಗಣಿತದ ಮಾರ್ಕ್ಸು ಇಡೀ ಓಣಿಗೆ ಗೊತ್ತೈತಲ್ಲ."

ಸಿದ್ದಲಿಂಗೇಶರು ಕೇಳಿಸದವರಂತೆ ಪರದೆ ಸವರಿದರು. ಶಾಂಭವಿ ಬಗ್ಗಿ ನೋಡಿದರು.

"ಮನಿ ಮಂದಿನೆಲ್ಲ ಒಟ್ಟಿಗೇ ಹಿಡಿಯೋದು ಯಾವುದ್ರಿ ಇದ್ರಾಗ?"

"ಇಪ್ಪತ್ಮೂರು."

"ಹಂಗಾದ್ರ ಸುಮ್ಮನ ಅದನ್ನ ತಗೋರಿ."

ಹೆಂಡತಿ ಹೇಳಿದ್ದನ್ನೇ ತೆಗೆದುಕೊಂಡರೆ ಮತ್ತೇನು ಸ್ವಯಂವರ! ಮರುಕ್ಷಣವೇ ಐವತ್ತಾರರ ಕೊರಳಿಗೆ ಮಾಲೆ ಬಿತ್ತು.

ಲೆನ್ಸು ಬಂದಾಗ ಮೊದಲ ಪರೀಕ್ಷೆ ಹಂಪಿಯಲ್ಲಿ ನಡೆಯಿತು. ಗೋಪುರದ ಮುಂದೆ ಹೆಂಡತಿಯನ್ನು ನಿಲ್ಲಿಸಿದರು. ಚೌಕಟ್ಟಿನಲ್ಲಿ ಹೆಂಡತಿ ಹಿಡಿಸಿದರು, ಗೋಪುರ ಹಿಡಿಸಲಿಲ್ಲ. ಹಿಂದೆ ಸರಿದರು. ಗೋಪುರದ ಮೊದಲ ಅಂತಸ್ತು ಬಂತು. ಇನ್ನೂ ಹಿಂದೆ ಸರಿದರು. ಎಳನೀರಿನ ಗಾಡಿ ದಾಟಿದರು, ಸೈಕಲ್ ಬಾಡಿಗೆಗೆ ಹೊರಟಿದ್ದ ವಿದೇಶಿ ದಂಪತಿಗಳ ಮಧ್ಯೆ ಹಾದರು.

ದೂರದಿಂದ ಶಾಂಭವಿಯ ಕೂಗು ತೇಲಿಬಂತು: "ಹಂಗ ಹಿಂದ ಹಿಂದ ಹೊಂಟ್ರ ಕಮಲಾಪುರ ಬರ್ತೈತ್ರೀ! ಅಲ್ಲಿಂದ ಬಸ್ಸಿಗೆ ಬರ್ರಿ, ನಾ ಮನಿಗೆ ಹೋಗ್ತೀನಿ!"

ಆದರೆ ಹತ್ತಿರದಿಂದ ತೆಗೆದ ಆಕೆಯ ಒಂದು ಫೋಟೊ ಮಾತ್ರ, ಸುಳ್ಳು ಹೇಳಬಾರದು, ಮಸ್ತ್ ಬಂದಿತ್ತು. ಮುಖ ಕಡೆದಿಟ್ಟಂತೆ, ಹಿಂದೆ ಇಡೀ ವಿಜಯನಗರ ಸಾಮ್ರಾಜ್ಯ ಮೊಸರು ಮೊಸರು! ಶಾಂಭವಿಯೇ ಅದನ್ನು ವಾಟ್ಸಾಪಿನ ಡಿಪಿಗೆ ಹಾಕಿಕೊಂಡರು. ಅನಾಹುತಕ್ಕೆ ಅದೇ ಮುನ್ನುಡಿಯಾಯಿತು. ಹೊಗಳಿಕೆ ಮಾತಿನಲ್ಲಿ ಬಂದರೆ ಗಂಡಸು ತಡೆದುಕೊಳ್ಳುತ್ತಾನೆ, ಡಿಪಿಯಲ್ಲಿ ಬಂದರೆ ತಡೆದುಕೊಳ್ಳಲಾರ.

ಶಾಂಭವಿಯ ಅಣ್ಣ ಕೊಟ್ರಯ್ಯನವರ ಮನೆ ಅದೇ ಹೊಸಪೇಟೆಯ ಇನ್ನೊಂದು ಓಣಿಯಲ್ಲಿ. ಅವರ ಮಗಳು ಪೂಜಿತಾ ದೋಣಿಮಲೈಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಾಳೆ. ಕಂಪ್ಲಿಯ ಅಕ್ಕಿ ಗಿರಣಿ ಮನೆತನದ ವೀರೇಶನಿಗೆ ಆಕೆಯನ್ನು ಕೊಡುವುದೆಂದು ಮಾತಾಗಿ, ನಿಶ್ಚಿತಾರ್ಥದ ದಿನವೂ ಗೊತ್ತಾಯಿತು. ಫೋಟೊಕ್ಕೆ ಸ್ಟುಡಿಯೊದ ಮಾರೇಶನಿಗೆ ಹೇಳಿಯೂ ಆಗಿತ್ತು.

"ಹೊರಗಿನವರು ಯಾಕ, ಭಾವ? ಮನಿ ಅಳಿಯ ಸತ್ತಾನೇನು?" ಎಂದು ಸಿದ್ದಲಿಂಗೇಶರು ಎದೆ ತಟ್ಟಿದರು.

ಕೊಟ್ರಯ್ಯನವರು ಮೆತ್ತಗಿನ ಮನುಷ್ಯ. ಮನೆಯ ಅಳಿಯನಿಗೆ ಇಲ್ಲ ಅನ್ನುವ ಪದ್ಧತಿ ಅವರ ವಂಶದಲ್ಲಿ ಹುಟ್ಟಿರಲಿಲ್ಲ. ಆದರೂ ಒಂದು ಮಾತು ಸೇರಿಸಿದರು: "ಅಳಿಯಂದ್ರೇ, ಬೀಗರು ಕುಂತ ಫೋಟೊ ಒಂದು ಸರಿ ಬರಬೇಕ್ರಿ. ಎರಡೂ ಮನಿ ಹಿರೇರು ಒಂದ ಜಮಖಾನದ ಮ್ಯಾಲ ಕುಂದ್ರೋದು, ಅದನ್ನ ಎರಡೂ ಮನ್ಯಾಗ ಕಟ್ಟು ಹಾಕಿಸಿ ತೂಗುಹಾಕೋದು ನಮ್ಮಲ್ಲಿ ಪದ್ಧತಿ. ಹುಡುಗನ ದೊಡ್ಡಪ್ಪ ಉಚ್ಚೆಂಗಪ್ಪ ಅದಾರಲ್ಲ, ಭಾಳ ಮುನಿಸಿನ ಮನುಷ್ಯಾ. ಹಿಂದಕ ಯಾರದೋ ಮದುವ್ಯಾಗ ಹೋಳಿಗಿಗೆ ತುಪ್ಪ ತಡ ಆತು ಅಂತ ಎದ್ದು ಹೋದೋರು, ಆ ಮನಿ ಹೊಸ್ತಿಲ ಇನ್ನೂ ತುಳಿದಿಲ್ಲ."

"ಅವರ ಮೀಸಿ ಕೂದಲಾ ಒಂದೊಂದ ಎಣಿಸಂಗ ತಗೀತೀನಿ, ನೋಡ್ತಿರ್ರಿ!"

ಆ ದಿನ ಬಂತು. ಕಂಪ್ಲಿಯಿಂದ ಬೀಗರು ಬಂದರು. ಪೂಜಿತಾಗೆ ಸೀರೆ ಉಡಿಸಿದ್ದಾಯಿತು, ಉಡಿ ತುಂಬಿದ್ದಾಯಿತು, ಸಕ್ಕರೆ ಹಂಚಿದ್ದಾಯಿತು. ಸಿದ್ದಲಿಂಗೇಶರು ಒಂದೊಂದೇ ಮುಖ ಹಿಡಿಯುತ್ತ ಮೆರೆದರು. ಕೊನೆಗೆ ಪಡಸಾಲೆಯ ನಡುವೆ ಜಮಖಾನ ಹಾಸಿದರು. ವೀರೇಶನ ಅಜ್ಜಿ ಅಕ್ಕನಾಗಮ್ಮ ನಡುವೆ ಕುಳಿತರು. ಅವರ ಮಗ ಉಚ್ಚೆಂಗಪ್ಪ ಇದಕ್ಕೆಂದೇ ಸುತ್ತಿಸಿಕೊಂಡ ಹೊಸ ರುಮಾಲು ಸರಿಮಾಡಿಕೊಂಡು ಪಕ್ಕಕ್ಕೆ ಕುಳಿತರು. ಎರಡೂ ಮನೆಯ ಹಿರಿಯರು ಸುತ್ತ ಸೇರಿದರು.

ಸಿದ್ದಲಿಂಗೇಶರು ಕ್ಯಾಮೆರಾ ಎತ್ತಿದರು. ಅಕ್ಕನಾಗಮ್ಮನವರ ಮೂಗು ಮತ್ತು ಉಚ್ಚೆಂಗಪ್ಪನವರ ಅರ್ಧ ರುಮಾಲು ಕಂಡಿತು. ಐವತ್ತಾರು ಎಂಎಂ ಸ್ವಾಮಿ, ಅದರ ಧರ್ಮವೇ ಅದು!

ಹಿಂದೆ ಸರಿದರು. ಇಬ್ಬರು ಬಂದರು. ಹೊಸ್ತಿಲು ದಾಟಿದರು. ಐದು ಜನ ಬಂದರು. ಕಟ್ಟೆ ಇಳಿದರು. ಇನ್ನೂ ಎರಡೂ ತುದಿಯ ಬೀಗರು ಹೊರಗೇ!

"ಎಲ್ಲಿ ಹೊಂಟಾರ್ರಿ ಇವರು?" ಉಚ್ಚೆಂಗಪ್ಪನವರು ಕೇಳಿದರು.

"ಫೋಟೊ ತಗಿಯಾಕ್ರಿ," ಎಂದರು ಕೊಟ್ರಯ್ಯ, ಬೆವರು ಒರೆಸಿಕೊಳ್ಳುತ್ತ.

"ನಾವು ಇಲ್ಲಿ ಕುಂತೀವಲ್ಲ?"

ಅಷ್ಟರಲ್ಲಿ ನಮ್ಮ ವೀರರು ರಸ್ತೆ ದಾಟುತ್ತಿದ್ದರು. ಒಂದು ಆಟೊ ಹಾರನ್ ಹೊಡೆದು ಸುತ್ತಿಕೊಂಡು ಹೋಯಿತು. ಎದುರುಮನೆಯ ದುರ್ಗಕ್ಕ ಅಂಗಳದ ತುಂಬ ಸಂಡಿಗೆ ಇಟ್ಟಿದ್ದರು. ಸಿದ್ದಲಿಂಗೇಶರ ಹಿಮ್ಮಡಿ ಅದರೊಳಗೆ ಇಳಿಯಿತು.

"ಅಯ್ಯಯ್ಯೋ, ಸಂಡಿಗಿ! ಯಪ್ಪಾ, ಹಿಂದಲೆಗೂ ಒಂದು ಕಣ್ಣು ಇಟಗೋಬಾರದೇನು?"

"ಒಂದ ನಿಮಿಷ ದುರ್ಗಕ್ಕ, ಬೀಗರು ಈಗ ಪೂರ್ತಿ ಬಂದಾರ!"

ನಿಜ, ಪೂರ್ತಿ ಬಂದಿದ್ದರು. ತೆರೆದ ಬಾಗಿಲಿನ ಚೌಕಟ್ಟಿನಲ್ಲಿ ಎರಡೂ ಮನೆತನಗಳು ಕಿಕ್ಕಿರಿದು ಕುಳಿತಿದ್ದವು. ಒಳಗೆ ನಸುಗತ್ತಲು. ಇಂಥ ಕತ್ತಲಿಗೆಂದೇ ಅಲ್ಲವೇ ಒಂದು ಪಾಯಿಂಟ್ ಎರಡು! ಲೆನ್ಸಿನ ಕಣ್ಣು ಪೂರ್ತಿ ತೆರೆದರು. ಮುಖ ಹುಡುಕುವ ಕೆಲಸವನ್ನು ಕ್ಯಾಮೆರಾಕ್ಕೇ ಬಿಟ್ಟರು. ಪರದೆಯಲ್ಲಿ ಒಂದು ಮುಖದ ಸುತ್ತ ಹಸಿರು ಚೌಕ ಮೂಡಿತು. ಸಂಡಿಗೆಯ ಮೇಲೆ ಒಂಟಿಗಾಲಲ್ಲಿ ನಿಂತು ಬಟನ್ ಒತ್ತಿದರು. ಬೆಂಕಿಪೊಟ್ಟಣದಗಲದ ಪರದೆಯಲ್ಲಿ ಎಲ್ಲರೂ ಚಂದವೇ ಕಂಡರು. ಮರುದಿನ ಬೆಳಿಗ್ಗೆ ತಿರುಗಿ ನೋಡದೆ ಅದನ್ನು ಕಂಪ್ಲಿಗೆ ವಾಟ್ಸಾಪ್ ಮಾಡಿ, 'ಇದು ಪ್ರೈಮ್ ಲೆನ್ಸಿನ ಮಹಿಮೆ' ಎಂದೂ ಬರೆದರು.

ಆಮೇಲೆ ಅದನ್ನು ಟಿವಿಯಲ್ಲಿ ದೊಡ್ಡದಾಗಿ ಹಾಕಿ ಶಾಂಭವಿಯನ್ನು ಕರೆದರು. ಆಕೆ ಕೈ ಒರೆಸಿಕೊಂಡು ಬಂದು ನೋಡಿದರು. ಟಿವಿಗೆ ಇನ್ನೂ ಹತ್ತಿರ ಹೋಗಿ ಬಗ್ಗಿದರು.

"ಇವರೆಲ್ಲ ಯಾರ್ರೀ?"

ಜಮಖಾನದ ಮೇಲೆ ಒಂದೇ ಒಂದು ಮುಖ ಇರಲಿಲ್ಲ. ಮುಖಗಳು ಇರಬೇಕಾದಲ್ಲಿ ಬೆಂದ ಆಲೂಗಡ್ಡೆಗಳಿದ್ದವು. ಉಚ್ಚೆಂಗಪ್ಪನವರ ರುಮಾಲು ಮಂಡಕ್ಕಿಯ ರಾಶಿಯಂತಿತ್ತು. ಅವರ ಹಿಂದೆ, ದೂರದ ಗೋಡೆಯ ಮೇಲೆ, ಗಂಧದ ಹಾರ ಹಾಕಿದ ಕಟ್ಟಿನೊಳಗೆ ಒಬ್ಬರೇ ಒಬ್ಬರು ಝಗಝಗ ಕಾಣುತ್ತಿದ್ದರು. ಹಣೆಯ ವಿಭೂತಿಯ ಮೂರು ಪಟ್ಟೆ, ಕಣ್ಣಂಚಿನ ಸುಕ್ಕು, ಮೀಸೆಯ ಒಂದೊಂದು ಕೂದಲು! ಎಂದೋ ಶಿವೈಕ್ಯರಾದ, ಶಾಂಭವಿಯ ತಂದೆಯವರು. ಕ್ಯಾಮೆರಾ ಹುಡುಕಿದ ಮುಖ ಅದಾಗಿತ್ತು.

"ಜೀವಂತ ಬೀಗರನ್ನೆಲ್ಲ ಅಳಿಸಿ ನಮ್ಮಪ್ಪನ್ನ ತಗದೀರಿ!" ಶಾಂಭವಿಯ ಕಣ್ಣಲ್ಲಿ ನೀರು ಬಂತು. "ಶುಭಕಾರ್ಯದ ಫೋಟೊದಾಗ ತೀರಿಕೊಂಡವರು ಒಬ್ಬರ ಕಂಡ್ರ ಏನಂತಾರ್ರಿ? ಪೂಜಿ ಮದುವಿ ನಿಂತ್ರ ನಾ ಅಣ್ಣನ ಮನಿ ಹೊಸ್ತಿಲ ಹೆಂಗ ತುಳೀಲಿ?"

ಅದೇ ಹೊತ್ತಿಗೆ ಕೊಟ್ರಯ್ಯನವರ ಫೋನು: "ಅಳಿಯಂದ್ರೇ, ಕಂಪ್ಲಿಯಿಂದ ಫೋನ್ ಬಂದಿತ್ತು. ಉಚ್ಚೆಂಗಪ್ಪಾರು ಒಂದ ಮಾತು ಆಡಿ ಇಟ್ಟರು. ಮದುವಿ ದಿನ ಈಗ ಗೊತ್ತು ಮಾಡೋದು ಬ್ಯಾಡ, ಬಂದು ಮಾತಾಡ್ರಿ ಅಂತ."

ಕಂಪ್ಲಿಯ ದಾರಿಯುದ್ದಕ್ಕೂ ಭತ್ತದ ಗದ್ದೆ ಹಸಿರಾಗಿ ತೂಗುತ್ತಿತ್ತು. ಕಾರಿನಲ್ಲಿದ್ದ ಕೊಟ್ರಯ್ಯ, ಶಾಂಭವಿ, ಸಿದ್ದಲಿಂಗೇಶರು ಮೂವರೂ ಅದನ್ನು ನೋಡಲಿಲ್ಲ. ಪೂಜಿತಾ ಬೆಳಿಗ್ಗೆಯಿಂದ ಉಂಡಿಲ್ಲವಂತೆ. ಅದನ್ನು ಕೇಳಿದ ಮೇಲೆ ಸಿದ್ದಲಿಂಗೇಶರಿಗೆ ಮೊದಲ ಸಲ ನಿಜವಾದ ಹೆದರಿಕೆಯಾಯಿತು. ಆ ಹುಡುಗಿ ಸಣ್ಣವಳಿದ್ದಾಗ ಅವರ ಹೆಗಲ ಮೇಲೆಯೇ ಕುಳಿತು ಊರು ನೋಡಿದವಳು.

ಗಿರಣಿ ಮನೆಯ ಪಡಸಾಲೆಯಲ್ಲಿ ಉಚ್ಚೆಂಗಪ್ಪನವರು ಫೋನನ್ನು ಕೈಯಳತೆ ದೂರ ಹಿಡಿದು ಕುಳಿತಿದ್ದರು. 'ಬರ್ರಿ' ಅನ್ನಲಿಲ್ಲ, 'ಕುಂದ್ರಿ' ಅನ್ನಲಿಲ್ಲ. ಫೋನು ತಿರುಗಿಸಿ ತೋರಿಸಿದರು.

"ಇದು ನಾನೋ, ಭತ್ತದ ಚೀಲಾನೋ? ನೀವ ಹೇಳ್ರಿ."

ಸಿದ್ದಲಿಂಗೇಶರು ಕೈಮುಗಿದರು. ಮುಗಿದು ಸುಮ್ಮನಿದ್ದರೆ ಸಾಕಿತ್ತು. "ತಪ್ಪಾತ್ರಿ ಯಜಮಾನ್ರ. ಆದ್ರ ಇದು ಕೆಟ್ಟಿದ್ದಲ್ರೀ, ದೊಡ್ಡ ಅಪರ್ಚರ್‌ದಾಗ ಮುಂದಿದ್ದವರು ಕರಗ್ತಾರ..."

"ಕರಗ್ತಾರ? ಸಕ್ಕರಿ ಹಂಚಿದ ಮರುದಿನಾನ ನಮ್ಮನ್ನ ಕರಗಿಸಿಬಿಟ್ಟ್ರಿ! ಮಗಳನ್ನ ಕೊಟ್ಟ ಮ್ಯಾಲ ಏನ ಮಾಡ್ತೀರಿ? ಮ್ಯಾಲ ಇದೇನು, ಹಾರ ಹಾಕಿದ ಫೋಟೊ ಒಂದ ಕಾಣ್ತೈತಿ? ಇದು ನಿಶ್ಚಿತಾರ್ಥನೋ, ವರ್ಷದ ಪುಣ್ಯತಿಥಿನೋ?"

ಕೊಟ್ರಯ್ಯನವರ ಮುಖ ಬಿಳಿಚಿತು. ಬಾಗಿಲ ಬಳಿ ನಿಂತಿದ್ದ ವೀರೇಶ ತಲೆ ತಗ್ಗಿಸಿದ. ದೊಡ್ಡಪ್ಪನ ಎದುರು ಅವನದೇನೂ ನಡೆಯುವಂತಿರಲಿಲ್ಲ.

"ತಾ ಇಲ್ಲಿ ಅದನ್ನ."

ಮಂಚದ ಮೇಲೆ ಕುಳಿತಿದ್ದ ಅಕ್ಕನಾಗಮ್ಮ ಕೈ ಚಾಚಿದ್ದರು. ಕಣ್ಣಿಗೆ ಚಾಳೀಸು ಏರಿಸಿ ಫೋನನ್ನು ಮೂಗಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇವರು ಹುಡುಗಿ ಅಜ್ಜಾರೇನು?"

"ಹೌದ್ರಿ ಅವ್ವಾರ," ಎಂದರು ಕೊಟ್ರಯ್ಯ. "ನಮ್ಮಪ್ಪಾರು. ಮೊಮ್ಮಗಳ ಮದುವಿ ನೋಡಬೇಕು ಅಂತ ಭಾಳ ಆಸಿ ಇತ್ರಿ ಅವರಿಗೆ."

ಅಕ್ಕನಾಗಮ್ಮ ತಲೆಯಾಡಿಸಿದರು. "ನಿನ್ನೆ ಆ ಜಮಖಾನದ ಮ್ಯಾಲ ಕುಂತಾಗ ನನಗ ಅದೊಂದ ಕೊರತಿ ಇತ್ತಪ್ಪ. ನಿಮ್ಮನಿ ಕಡಿಂದ ನನ್ನ ವಾರಿಗಿಯವರು ಒಬ್ಬರೂ ಇರಲಿಲ್ಲ. ಎಲ್ಲಾ ನಿನ್ನಂಥ ಹುಡುಗರ." ಐವತ್ತೈದರ ಕೊಟ್ರಯ್ಯ ನಾಚಿ ನೆಲ ನೋಡಿದರು. "ಈಗ ನೋಡು, ನಿಮ್ಮ ಹಿರ್ಯಾ ತಾನ ಬಂದಾನ. ಹಿರ್ಯಾ ಬಂದ ಮ್ಯಾಲ ಉಳಿದವರು ಹಿಂದ ಸರೀಬೇಕಲ್ಲ, ಸರಿದಾರ. ಇದ್ರಾಗ ತಪ್ಪೇನೈತಿ?"

"ಆದ್ರ ಯವ್ವಾ, ನನ್ನ ರುಮಾಲು..."

"ಲೇ ಉಚ್ಚೆಂಗಾ, ನಿನ್ನ ರುಮಾಲು ನಾಳಿಗೂ ಕಾಣ್ತೈತಿ, ನಾಡದ್ದೂ ಕಾಣ್ತೈತಿ. ಆತ ಇನ್ನೊಮ್ಮೆ ಬರ್ತಾನೇನು? ಹೋಗು, ಪಂಚಾಂಗ ತಗೊಂಬಾ. ಬೀಗರನ್ನ ನಿಂದ್ರಿಸಿ ಮಾತಾಡ್ಸ್ತಾರೇನು? ಚಾ ಮಾಡ್ರಿ, ಮಿರ್ಚಿ ಭಜಿ ಹಾಕ್ರಿ ಜಲ್ದಿ!"

ಉಚ್ಚೆಂಗಪ್ಪನವರು ಎದ್ದರು. ಲೋಕಕ್ಕೆಲ್ಲ ಹುಲಿಯಾದರೂ ಅವ್ವನಿಗೆ ಮಗನೇ. ಕೊಟ್ರಯ್ಯನವರು ಉಸಿರು ಬಿಟ್ಟ ರಭಸಕ್ಕೆ ಮಂಚದ ಪಕ್ಕದಲ್ಲಿದ್ದ ದಿನಪತ್ರಿಕೆ ಹಾರಿತು. ವೀರೇಶ ಹಿತ್ತಲಿಗೆ ಓಡಿದ. ಅಲ್ಲಿಂದ ಫೋನಿನಲ್ಲಿ "ಪೂಜಿ, ಉಣ್ಣು ಮೊದ್ಲ" ಎನ್ನುವುದು ಎಲ್ಲರಿಗೂ ಕೇಳಿಸಿತು, ಎಲ್ಲರೂ ಕೇಳಿಸದವರಂತೆ ಕುಳಿತರು. ಶಾಂಭವಿ ಒಂದು ಮಿರ್ಚಿ ತೆಗೆದು ಗಂಡನ ತಟ್ಟೆಗೆ ಹಾಕಿದರು. ಅಂದರೆ ಕ್ಷಮೆ ಸಿಕ್ಕಿತು, ಪೂರ್ತಿಯಲ್ಲದಿದ್ದರೂ ಒಂದು ಮಿರ್ಚಿಯಷ್ಟು.

ಪಂಚಾಂಗ ಬಂತು, ಮದುವೆಯ ದಿನ ಗೊತ್ತಾಯಿತು. ಎರಡನೆಯ ಮಿರ್ಚಿ ಮುಗಿಯುವ ಹೊತ್ತಿಗೆ ಸಿದ್ದಲಿಂಗೇಶರ ಎದೆ ಮತ್ತೆ ಮೊದಲಿನ ಅಳತೆಗೆ ಉಬ್ಬಿತ್ತು. ಅಲ್ಲ, ಇಷ್ಟು ದೊಡ್ಡ ಆಶೀರ್ವಾದವನ್ನು ಹಿಡಿದವರು ಯಾರು?

"ಅವ್ವಾರ, ಹಂಗಾದ್ರ ಮದುವಿ ಫೋಟೊನೂ ನಾನ ತಗೀತೀನ್ರಿ!"

ಶಾಂಭವಿ ಚಾದ ಕಪ್ಪನ್ನು ಬಸಿಯ ಮೇಲೆ ಕುಕ್ಕಿ ಗಂಡನತ್ತ ತಿರುಗಿದರು. ಅಕ್ಕನಾಗಮ್ಮ ಚಾಳೀಸು ತೆಗೆದು ಸೆರಗಿನಿಂದ ಒರೆಸಿ, ಅವರನ್ನು ವಾತ್ಸಲ್ಯದಿಂದ ನೋಡಿದರು.

"ಬ್ಯಾಡಪ್ಪ, ಮದುವಿಗೆ ಬರೋರೆಲ್ಲ ಇನ್ನೂ ಉಸಿರಾಡೋ ಮಂದಿ. ಅವರಿಗೆ ಬ್ಯಾರೆ ಯಾರನ್ನರ ನೋಡ್ತೀವಿ. ನೀ ತೀರಿಕೊಂಡವರನ್ನ ಭಾಳ ಚೊಲೊ ತಗೀತಿ." ಆಮೇಲೆ ಅವರಿಗೆ ಬೇಜಾರಾದೀತೆಂದು ಸಮಾಧಾನ ಹೇಳಿದರು: "ನನ್ನ ಪಾಳಿ ಬಂದಾಗ ಹೇಳಿ ಕಳಿಸ್ತೀನಿ. ಆವಾಗ ಬಾ."