ಯಾರೂ ನಡೆಯದ ಲೋಕಗಳು

ಸುಳ್ಳು ಹೇಳುವುದಕ್ಕೆ ಹೆಚ್ಚು ಓದು ಬೇಕಿಲ್ಲ. ಅದು ನಡೆಯುವುದಕ್ಕೆ ಒಂದು ಒಳ್ಳೆಯ ಜಾಗ ಹುಡುಕಿಕೊಟ್ಟರೆ ಸಾಕು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ನಾನು ಇದನ್ನು ಕಲಿತದ್ದು ಯಕ್ಷಗಾನ ನೋಡಿ. ಭಾಗವತರು ಒಂದು ಪದ ಎತ್ತಿದರೆ ಬರೀ ನೆಲವೇ ಇಂದ್ರಲೋಕ, ಇನ್ನೊಂದು ಪದಕ್ಕೆ ಅದೇ ನೆಲ ಪಾತಾಳ. ಬಸ್ ಚಾರ್ಜೂ ಇಲ್ಲ.

ಭಟ್ಕಳದ ಹೊರಗೆ, ಹೆದ್ದಾರಿಯ ಪಕ್ಕದ ನಮ್ಮ ಮನೆಯಲ್ಲಿ ಇರುವವರು ಇಬ್ಬರೇ. ನಾನು ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತೇನೆ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲದ ತಮ್ಮ ಗಣಪತಿ ಮಂಚದ ಮೇಲಿಂದ ಕಥೆ ಕೇಳುತ್ತಾನೆ. ಬೇಸಿಗೆಯಲ್ಲಿ ಅವನನ್ನು ಪಾತಾಳಕ್ಕೆ ಕರೆದೊಯ್ಯುತ್ತೇನೆ, ಅಲ್ಲಿ ತಂಪು. ಮಳೆಗಾಲದಲ್ಲಿ ಮೋಡದ ಮೇಲಿನ ಪಟ್ಟಣ, ಸೋರುವುದೆಲ್ಲ ಕೆಳಗಿನವರಿಗೆ. ಮೀನು ತರಲಾಗದ ದಿನ ಸಮುದ್ರದಡಿಯ ರಾಜ್ಯ. ಅಲ್ಲಿ ಬಂಗಡೆಯೇ ಮಂತ್ರಿಯಾದ್ದರಿಂದ ಸಾರಿನ ಮಾತು ಎತ್ತುವಂತಿಲ್ಲ.

ಪಕ್ಕದ ಮನೆಯ ಮಾದೇವಿ ಒಮ್ಮೆ ಕೇಳಿಯೇಬಿಟ್ಟಳು: "ತಮ್ಮನ್ನ ಪಾತಾಳಕ್ಕೆಲ್ಲ ಕರ್ಕಂಡು ಹೋಗ್ತೆ. ಅಂಗಳಕ್ಕೆ ಕರ್ಕಂಡು ಹೋಗೂಕೆ ಎಂತ ಆಯ್ತು ನಿಂಗೆ?"

ಗಣಪತಿಗೆ ಗಾಲಿಕುರ್ಚಿ ಬಂದು ಎರಡು ಮಳೆಗಾಲ ಕಳೆದಿವೆ. ಅದರ ಮೇಲೆ ನನ್ನ ಹೂವಿನ ಬುಟ್ಟಿ ಸುಖವಾಗಿ ಕೂತಿದೆ. ಅಂಗಳದಲ್ಲಿ ಒಂದು ತೆಂಗಿನ ಮರವಿದೆ; ಅದನ್ನು ದಾಟದೆ ರಸ್ತೆ ಸೇರುವಂತಿಲ್ಲ. ಮಳೆ ಬಿದ್ದು ಮರ ಪಾಚಿಗಟ್ಟಿದ್ದ ದಿನ, ಚಟ್ನಿಗೆ ಕಾಯಿ ಬೇಕು, ಎಷ್ಟು ಹೊತ್ತಿನ ಕೆಲಸ ಎಂದು ಅವನನ್ನು ಹತ್ತಿಸಿದವಳು ನಾನು; ಅವನು ಬಿದ್ದದ್ದು ಅಂದೇ. ಅಂಗಡಿಯಲ್ಲಿ ಕಾಯಿ ಸಿಗುತ್ತಿತ್ತು.

ಮೊನ್ನೆ ಅವನೇ ಶುರು ಮಾಡಿದ. "ಅಕ್ಕ, ನಿನ್ನ ಕಥೆಲಿ ಹಾವು ಹರೀತದೆ, ಮೀನು ಈಜ್ತದೆ, ಹಕ್ಕಿ ಹಾರ್ತದೆ. ಯಾರೂ ನಡೆಯೂದೇ ಇಲ್ಲ, ಎಂತಕ್ಕೆ? ಒಂದು ತೆಂಗಿನ ಮರನೂ ಇಲ್ಲ."

"ಪಾತಾಳದಲ್ಲಿ ತೆಂಗು ಬೆಳೀತದ್ಯೇನೋ, ಮಾರಾಯ?"

"ಹಂಗಾರೆ ಇವತ್ತು ನಾ ಹೇಳ್ತೆ. ಒಂದು ಲೋಕ. ಅಲ್ಲಿ ಅಂಗಳ, ಅಂಗಳದಲ್ಲಿ ತೆಂಗಿನ ಮರ. ಅದ್ರಾಚೆ ರಸ್ತೆ. ರಸ್ತೆಲಿ ಹೊನ್ನಾವರ, ಕುಮಟಾ ಬಸ್ಸು ಹೋಗ್ತದೆ. ಬಸ್ಸು ನಿಲ್ಲೂ ಜಾಗದಲ್ಲಿ ಒಂದು ಚಾ ಅಂಗಡಿ."

ಇಷ್ಟು ಬಡ ಲೋಕವನ್ನು ಯಾರೂ ಕಟ್ಟಿರಲಾರರು ಎಂದುಕೊಂಡೆ. "ಮರದ ಬುಡದಲ್ಲಿ ರಾಕ್ಷಸಿ ಇದ್ದಾಳಾ?" ಎಂದೆ, ನಗಿಸುವವಳಂತೆ.

"ಇಲ್ಲ. ಒಬ್ಬಳು ಹೂ ಕಟ್ತಾ ಕೂತಿದ್ದಾಳೆ. ಅವಳಿಗೆ ಶಾಪ. ಕಾಲು ಇದ್ರೂ ಆ ಮರ ದಾಟೂಕೆ ಆಗೂದಿಲ್ಲ."

ನನ್ನ ಕೈಯ ನಾರು ತುಂಡಾಯಿತು. ಇನ್ನೊಂದು ನಾರು ಎಳೆದುಕೊಂಡು, ಶಾಪ ಹೇಗೆ ಬಿಡುತ್ತದೆ ಎಂದು ಕೇಳಿದೆ.

"ಮೊದ್ಲು ಕುರ್ಚಿ ಮೇಲಿನ ಬುಟ್ಟಿ ತೆಗಿ," ಎಂದ. "ಅಲ್ಲಿ ಚಾ ಕುಡ್ಕಂಡು ಬರುವ."

"ಆತು, ಈ ಮಾಲೆ ಒಂದು ಮುಗೀಲಿ," ಎಂದೆ. ಅವನು ಅಂಗಿಯ ಗುಂಡಿ ಹಾಕಿಕೊಂಡು, ಕೈಯಿಂದ ತಲೆ ಬಾಚಿಕೊಂಡ. ಮಾಲೆ ಮುಗಿಯಿತು. ನಾನು ಬುಟ್ಟಿಗೆ ಕೈ ಹಾಕಿ, ಇನ್ನೊಂದು ಮಾಲೆಗೆ ಹೂ ತೆಗೆದುಕೊಂಡೆ.